ಹಲ್ಲಕ್ಕನ ಕಾರಿನ ಕಟಕಟ

ಆ ಬೆಳಿಗ್ಗೆ ಹಲ್ಲಕ್ಕ ಮಾಡಿದ ತಪ್ಪು ಇಷ್ಟೇ: ಕಾರಿನಲ್ಲಿ ಏನೋ ಶಬ್ದ ಬರುತ್ತಿದೆ ಎಂದು ಬಾಯಿಬಿಟ್ಟು ಹೇಳಿದಳು. ಅದೂ ಡಿಪೋ ಮಾವನ ಎದುರಿಗೆ. ಹಸಿದ ಬೆಕ್ಕಿನ ಮುಂದೆ ಹಾಲಿನ ಬಟ್ಟಲು ಇಟ್ಟು, "ಇದು ಕೆಟ್ಟಿದೆಯೋ ಏನೋ, ಸ್ವಲ್ಪ ನೋಡು" ಎಂದ ಹಾಗಾಯಿತು.

ಹಲ್ಲಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟುಗಳನ್ನು ಮಾಡುವುದು ಅವಳ ಕೆಲಸ. ಡಾಕ್ಟರು ಮುಂದಿನ ಕೋಣೆಯಿಂದ ಬಾಯಿಯ ಅಚ್ಚು ಕಳಿಸುತ್ತಿದ್ದರು, ಇವಳು ಹಿಂದಿನ ಕೋಣೆಯಿಂದ ನಗು ಕಳಿಸುತ್ತಿದ್ದಳು. ಊರಿನ ಅರ್ಧ ಜನರ ಬಾಯಿ ಅವಳ ಕಪಾಟಿನಲ್ಲಿ ಸಾಲಾಗಿ ಕೂತಿತ್ತು, ಆದರೆ ಆ ಬಾಯಿಗಳಲ್ಲಿ ಒಂದೂ ಅವಳ ಜೊತೆ ಮಾತಾಡಿದ್ದಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕುಕೊಂಡು ಹೋದರೆ ಅವಳಿಗೆ ಮುಖದ ಗುರುತು ಹತ್ತುತ್ತಿರಲಿಲ್ಲ, ಹಲ್ಲಿನ ಗುರುತು ಹತ್ತುತ್ತಿತ್ತು. "ಮೇಲಿನ ಸಾಲು ನನ್ನದು" ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದೆ ಹೋಗುತ್ತಿದ್ದಳು.

ಮದುವೆ ಆಗಿರಲಿಲ್ಲ. ಅಮ್ಮ ಇದ್ದಳು. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದಕ್ಕೆಂದೇ ಈ ಹಳೆಯ ಕಾರು ಕೊಂಡಿದ್ದಳು. ಮಳೆಗಾಲಕ್ಕೆ ಮುಂಚೆ ಅಮ್ಮ ತೀರಿಕೊಂಡ ಮೇಲೆ ಎರಡನೇ ಮಹಡಿಯ ಮನೆಯಲ್ಲಿ ಉಳಿದದ್ದು ಅವಳು ಮತ್ತು ಒಂದು ರೇಡಿಯೋ. ರೇಡಿಯೋ ಒಂದೇ ಸಮನೆ ಮಾತಾಡುತ್ತಿತ್ತು, ಆದರೆ ಇವಳು ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿರಲಿಲ್ಲ.

ಕಾರಿನ ಶಬ್ದ ಎಂದರೆ ಭಾರಿ ಏನಲ್ಲ. ಸಡಿಲವಾದ ಸೆಟ್ಟು ಹಾಕಿಕೊಂಡ ಅಜ್ಜಿಯೊಬ್ಬಳು ಗಟ್ಟಿ ಬಿಸ್ಕತ್ತು ಕಡಿಯುವ ಹಾಗೆ ಕಟ ಕಟ ಕಟ. ಬೇರೆಯವರಾಗಿದ್ದರೆ ರೇಡಿಯೋ ಜೋರು ಮಾಡಿ ಸುಮ್ಮನಾಗುತ್ತಿದ್ದರು. ಆದರೆ ಹಲ್ಲಕ್ಕನಿಗೆ ಆ ಶಬ್ದ ಅಂದರೆ ತನ್ನ ಕಸುಬಿಗೇ ಆದ ಅವಮಾನ. ಸಡಿಲವಾಗಿರುವುದನ್ನು ಬಿಗಿ ಮಾಡಿಯೇ ಅವಳು ಅನ್ನ ಉಣ್ಣುತ್ತಿದ್ದದ್ದು.

"ಶಬ್ದನಾ? ಎಲ್ಲಿ, ಬಾಗಿಲು ತೆಗಿ" ಎಂದರು ಡಿಪೋ ಮಾವ. ಕೆಳಮನೆಯ ಅವರು ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಅವರ ಕೆಲಸ ಕಿಟಕಿಯ ಒಳಗೆ ಕೂತು ಕಂಡಕ್ಟರುಗಳಿಗೆ ಟಿಕೆಟ್ಟಿನ ಕಟ್ಟು ಕೊಡುವುದಾಗಿತ್ತು. ಆದರೆ ಕಿಟಕಿಯ ಆಚೆ ಸದಾ ಬಸ್ಸುಗಳು ಓಡಾಡುತ್ತಿದ್ದುದರಿಂದ ಇಂಜಿನ್ನಿನ ವಿದ್ಯೆ ಹೊಗೆಯ ಜೊತೆಗೇ ಒಳಗೆ ಬಂದಿತೆಂದು ಅವರ ನಂಬಿಕೆ.

ಮಾವ ಹಲ್ಲಕ್ಕನ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದರು. ಕಾರು ಬೀದಿಯ ಕೊನೆಯವರೆಗೆ ಹೋಯಿತು, ಹಳ್ಳ ಇಳಿಯಿತು, ಉಬ್ಬು ಹತ್ತಿತು, ತಿರುಗಿ ಬಂತು. ಕಟ ಇಲ್ಲ, ಪಟ ಇಲ್ಲ. ಹೊಸ ಮದುಮಗಳ ಹಾಗೆ ತಲೆ ಬಗ್ಗಿಸಿಕೊಂಡು ಬಂತು.

"ಎಲ್ಲಮ್ಮಾ ಶಬ್ದ?"

"ನಿನ್ನೆ ಇತ್ತು ಮಾವ. ಮೊನ್ನೇನೂ ಇತ್ತು. ದಿನಾ ಇರುತ್ತೆ."

ಶಬ್ದ ಇಲ್ಲದಿದ್ದರೂ ಮಾವ ಚಿಕಿತ್ಸೆ ಹೇಳದೆ ಬಿಡಲಿಲ್ಲ. ಟೈರಿಗೆ ಗಾಳಿ ಜಾಸ್ತಿ ಆಗಿದೆ ಎಂದರು, ಬ್ರೇಕಿಗೆ ಧೂಳು ಹಿಡಿದಿದೆ ಎಂದರು, ಇಂಜಿನ್ನು ಹಿಡಿದಿಟ್ಟ ರಬ್ಬರು ಒಣಗಿದೆ ಎಂದರು, ಸೈಲೆನ್ಸರು ಸಡಿಲಾಗಿದೆ ಎಂದರು. ಅಷ್ಟರಲ್ಲಿ ಮೊದಲ ಮಹಡಿಯ ಕಿಟಕಿಯಿಂದ ಟೈಲರಮ್ಮ ಕತ್ತು ಹೊರಗೆ ಹಾಕಿದಳು. ಅವಳ ಬಾಯಿಯಲ್ಲಿ ಗುಂಡುಪಿನ್ನುಗಳಿದ್ದವು, ಆದರೂ ಮಾತಿಗೆ ಅಡ್ಡಿಯಾಗಲಿಲ್ಲ.

"ಹಲ್ಲಕ್ಕಾ, ತಪ್ಪು ತಿಳ್ಕೋಬೇಡಿ. ಒಬ್ಬರೇ ಇರ್ತೀರಲ್ಲ, ಅದಕ್ಕೇ ಹೀಗೆಲ್ಲ ಕೇಳಿಸುತ್ತೆ. ನಮ್ಮ ಅತ್ತೇಗೂ ಹೀಗೇ. ಯಾರೂ ಇಲ್ಲದಿದ್ರೆ ಸಾಕು, ಬಾಗಿಲು ಬಡಿದ ಹಾಗೆ ಆಗೋದು."

"ಶಬ್ದ ನನ್ನ ಕಿವೀಲಿಲ್ಲ, ಕಾರಲ್ಲಿದೆ."

"ಅತ್ತೇನೂ ಇದೇ ಮಾತು ಹೇಳ್ತಿದ್ರು" ಎಂದು ಟೈಲರಮ್ಮ ಮಾವನ ಕಡೆ ನೋಡಿ ತುಟಿ ಕುಣಿಸಿದಳು. ಮಾವ "ಪಾಪ" ಎಂದರು. ಮೆಲ್ಲಗೆ ಎಂದರು, ಆದರೆ ಹಲ್ಲಕ್ಕನಿಗೆ ಕೇಳಿಸುವಷ್ಟು ಮೆಲ್ಲಗೆ.

ಮಾವನನ್ನು ಇಳಿಸಿ ಕಾರು ಮುಂದೆ ಹೊರಟಿತೋ ಇಲ್ಲವೋ, ಮೊದಲ ಉಬ್ಬಿಗೇ ಶುರುವಾಯಿತು: ಕಟ ಕಟ ಕಟ.

ಹಲ್ಲಕ್ಕ ಗಕ್ಕನೆ ಬ್ರೇಕು ಹಾಕಿ, ತಲೆ ಹೊರಗೆ ಹಾಕಿ, "ಮಾವಾ! ಬಂತು ಮಾವಾ!" ಎಂದು ಕೂಗಿದಳು. ಮಾವ ಓಡಿ ಬಂದು ಒಳಗೆ ಕೂತರು. ಶಬ್ದ ಹೋಯಿತು. ಮಾವ ಇಳಿದು, ಅವಳ ಬೆನ್ನ ಮೇಲೆ ಕೈಯಿಟ್ಟು, "ನೀರು ಜಾಸ್ತಿ ಕುಡಿ ಕಣಮ್ಮ" ಎಂದರು.

ಕ್ಲಿನಿಕ್ಕಿನವರೆಗೂ ಆ ಕಟಕಟ ಅವಳ ಜೊತೆಗೇ ಬಂತು. ಹಠ ಹಿಡಿದವಳಂತೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಾಕ್ಟರರನ್ನೇ ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಒಂದು ಸುತ್ತು ಹಾಕಿದಳು. ಡಾಕ್ಟರು ಒಳ್ಳೆಯವರು, ಸಜ್ಜನರು. ತುಂಬ ಹೊತ್ತು ಕಿವಿಗೊಟ್ಟು ಕೂತರು. ಅವರಿಗೆ ಕೇಳಿಸಿದ್ದು ಹಸಿದ ತಮ್ಮ ಹೊಟ್ಟೆಯ ಶಬ್ದ ಒಂದೇ.

ಒಳಗೆ ಬಂದ ಮೇಲೆ ಅವಳನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ಬಾಯಿ ನೋಡುವ ಪುಟ್ಟ ಕನ್ನಡಿಯಿಂದ ಕಿವಿಯನ್ನು ನೋಡಿದರು. "ಕಿವಿ ನನ್ನ ಇಲಾಖೆ ಅಲ್ಲ. ಆದ್ರೂ ಪಕ್ಕದ ಮನೆ ತಾನೆ" ಎಂದರು. ಕಿವಿಯಲ್ಲಿ ಏನೂ ಕಾಣಲಿಲ್ಲ. ಅಭ್ಯಾಸಬಲದಿಂದ ಹಲ್ಲನ್ನೂ ನೋಡಿ, ಒಂದು ಹುಳುಕಿದೆ ಎಂದರು. ಆಮೇಲೆ ದನಿ ತಗ್ಗಿಸಿದರು.

"ಅಮ್ಮ ಹೋದ ಮೇಲೆ ನೀವು ಸರಿಯಾಗಿ ರಜಾನೇ ತಗೊಂಡಿಲ್ಲ. ಇವತ್ತು ಮನೆಗೆ ಹೋಗಿ. ಯಾರಾದ್ರೂ ಸ್ನೇಹಿತರ ಮನೆಗೆ ಹೋಗಿ ಕೂತ್ಕೊಂಡು ಮಾತಾಡಿ. ಈ ಶಬ್ದಗಿಬ್ದ ಎಲ್ಲ ತಾನಾಗೇ ಹೋಗುತ್ತೆ."

"ನನಗೇನೂ ಆಗಿಲ್ಲ ಸರ್."

"ಆಗಿದೆ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ಸೂಕ್ಷ್ಮದ ಕೆಲಸ ನಮ್ಮದು. ಮನಸ್ಸು ನೆಟ್ಟಗಾಗೋ ತನಕ ಬರಬೇಡಿ ಅಂತಿದ್ದೀನಿ ಅಷ್ಟೆ."

ಕಾರಿನಲ್ಲಿ ಕೂತು ಹಲ್ಲಕ್ಕ ಯಾವ ಸ್ನೇಹಿತರ ಮನೆಗೆ ಹೋಗಬೇಕೆಂದು ಯೋಚಿಸಿದಳು. ಬೆರಳು ಮಡಚಲು ಕೈ ಎತ್ತಿದಳು. ಒಂದು ಬೆರಳೂ ಮಡಚದೆ ಕೈ ಹಾಗೇ ಸ್ಟಿಯರಿಂಗಿಗೆ ವಾಪಸು ಬಂತು. ಕಾರು ಮನೆಯ ದಾರಿ ಹಿಡಿಯಿತು. ಕಟ ಕಟ ಕಟ.

ಗೇಟಿನಲ್ಲಿ ಡಿಪೋ ಮಾವ ಹಳೆಯ ಬನಿಯನ್ನು ತೊಟ್ಟು, ತಲೆಗೊಂದು ಟವೆಲ್ಲು ಕಟ್ಟಿಕೊಂಡು ಕುಸ್ತಿಗೆ ಇಳಿಯುವವರ ಹಾಗೆ ಕಾದಿದ್ದರು. ಬೆಳಿಗ್ಗೆಯಿಂದ ಯೋಚನೆ ಮಾಡಿ ಒಂದು ಉಪಾಯ ಹುಡುಕಿದ್ದರು.

"ನೋಡಮ್ಮ, ಶಬ್ದ ಹುಟ್ಟೋದು ಹಿಂದೆ. ನಾವು ಮುಂದೆ ಕೂತು ಕೇಳಿದ್ರೆ ಹೇಗೆ ಸಿಗುತ್ತೆ? ನಾನು ಡಿಕ್ಕಿಯಲ್ಲಿ ಮಲಗ್ತೀನಿ. ನೀನು ಓಡಿಸು. ಶಬ್ದ ಕೇಳಿಸಿದ್ರೆ ಒಳಗಿಂದ ತಟ್ತೀನಿ."

"ಮಾವ, ಈ ವಯಸ್ಸಲ್ಲಿ ಯಾಕೆ?"

"ಡಿಪೋದಲ್ಲಿ ಇದಕ್ಕಿಂತ ದೊಡ್ಡದೆಲ್ಲ ಮಾಡಿದ್ದೀನಿ. ಮುಚ್ಚು. ಪೂರ್ತಿ ಮುಚ್ಚು. ಸಂದಿ ಬಿಟ್ರೆ ಹೊರಗಿನ ಗದ್ದಲ ಒಳಗೆ ಬರುತ್ತೆ."

ಮಾವ ಸ್ಪೇರ್ ಟೈರನ್ನು ತಬ್ಬಿಕೊಂಡು ಮಲಗಿದರು. ಹಲ್ಲಕ್ಕ ಮುಚ್ಚಳ ಹಾಕಿದಳು. ಅಂದು ಅಂಗಡಿ ತೆರೆಯದೆ ಮನೆಯಲ್ಲೇ ಹೊಲಿಯುತ್ತ, ಕಿಟಕಿಯಿಂದ ನೋಡುತ್ತಿದ್ದ ಟೈಲರಮ್ಮನ ಬಾಯಿಂದ ಒಂದು ಗುಂಡುಪಿನ್ನು ಕೆಳಗೆ ಬಿತ್ತು.

ಈ ಸಲ ಕಾರು ಮೋಸ ಮಾಡಲಿಲ್ಲ. ಬೀದಿ ದಾಟುವ ಮೊದಲೇ ಕಟಕಟ ಎಂದಿತು. ಅಷ್ಟರಲ್ಲೇ ಹಿಂದಿನಿಂದ ಧಡ್ ಎಂದು ಒಂದು ಏಟು.

"ಕೇಳಿಸ್ತಾ ಮಾವಾ?"

ಧಡ್ ಧಡ್!

ಹಲ್ಲಕ್ಕನ ಕಣ್ಣಲ್ಲಿ ನೀರೇ ಬಂತು. ಎಷ್ಟೋ ತಿಂಗಳಿಂದ ಅವಳೊಬ್ಬಳಿಗೇ ಕೇಳಿಸುತ್ತಿದ್ದದ್ದು ಇನ್ನೊಬ್ಬರಿಗೂ ಕೇಳಿಸುತ್ತಿದೆ! "ಇನ್ನೂ ಸ್ವಲ್ಪ ಜೋರಾಗಿ ಓಡಿಸ್ಲಾ? ಜೋರಾಗಿ ಹೋದ್ರೆ ಇನ್ನೂ ಚೆನ್ನಾಗಿ ಬರುತ್ತೆ!"

ಧಡ್ ಧಡ್ ಧಡ್ ಧಡ್!

"ಆಯ್ತು ಮಾವ!" ಎಂದು ಅವಳು ಆಕ್ಸಿಲರೇಟರು ಒತ್ತಿದಳು. ಹಳ್ಳಗಳನ್ನು ಹುಡುಕಿ ಹುಡುಕಿ ಇಳಿಸಿದಳು. ಹಿಂದಿನಿಂದ ಏಟುಗಳು ಮಳೆಯ ಹಾಗೆ ಬಂದವು. ನಡುವೆ ಏನೋ ಕೂಗು ಕೂಡ ಕೇಳಿಸಿತು. ಮಾವನಿಗೆ ಇಷ್ಟೊಂದು ಉತ್ಸಾಹ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಪೇಟೆಯ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ಕಾರು ನಿಂತಿತು. ಶಬ್ದ ನಿಂತಿತು, ಏಟು ನಿಲ್ಲಲಿಲ್ಲ. ಅಲ್ಲಿ ನಿಂತಿದ್ದ ಪೊಲೀಸಿನವನು ಕಾರಿನ ಹಿಂಭಾಗವನ್ನೇ ನೋಡುತ್ತ ಮೆಲ್ಲಗೆ ನಡೆದು ಬಂದ.

"ಏನಮ್ಮ ಅದು?"

"ಏನಿಲ್ಲ ಸರ್, ಡಿಕ್ಕಿ."

"ಡಿಕ್ಕಿನಾ? ಯಾರಿಗೆ ಡಿಕ್ಕಿ ಹೊಡೆದ್ರಿ?"

"ಯಾರಿಗೂ ಹೊಡೆದಿಲ್ಲ ಸರ್. ಮಾವ ಡಿಕ್ಕಿಯಲ್ಲಿದ್ದಾರೆ."

ಪೊಲೀಸಿನವನು ಮುಚ್ಚಳ ತೆಗೆಸಿದ. ಹಪ್ಪಳದ ಹಾಗೆ ಮಡಚಿಕೊಂಡಿದ್ದ ಡಿಪೋ ಮಾವ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, "ಕೊಲೆಗಾತಿ!" ಎಂದರು. ಸರ್ಕಲ್ಲಿನ ಜನವೆಲ್ಲ ಹತ್ತಿರ ಸರಿಯಿತು.

"ಇವರು ನಿಮಗೇನಾಗ್ಬೇಕು?"

"ಮಾವ ಸರ್."

"ಸ್ವಂತ ಮಾವನ್ನೇ ಡಿಕ್ಕೀಲಿ ತುಂಬಿದ್ದೀರಾ?"

"ಸ್ವಂತ ಅಲ್ಲ ಸರ್. ಡಿಪೋ ಮಾವ."

"ಮಾವ, ಶಬ್ದ ಕೇಳಿಸ್ತು ಅಂತ ಹೇಳಿ ಇವರಿಗೆ" ಎಂದು ಹಲ್ಲಕ್ಕ ಅಂಗಲಾಚಿದಳು.

"ಶಬ್ದ! ಟೈರಿನ ಬೋಲ್ಟು ಬೆನ್ನಿಗೆ ಚುಚ್ಚಿ ನಾನು ಪ್ರಾಣ ಬಿಡ್ತಿದ್ದೆ! ನಿಲ್ಸು ಅಂತ ತಟ್ಟಿದ್ರೆ ಇನ್ನೂ ಜೋರು ಮಾಡ್ತೀಯಾ? ನಾನು ಕಿರುಚಿದ್ದು ಬಿಟ್ರೆ ಅಲ್ಲಿ ಇನ್ಯಾವ ಶಬ್ದಾನೂ ನನಗೆ ಕೇಳಿಸಿಲ್ಲ." ಮಾವ ಸೊಂಟ ಹಿಡಿದುಕೊಂಡು, ಜನರನ್ನು ಸೀಳಿಕೊಂಡು, ಬಸ್ಸು ಹಿಡಿಯಲು ಹೊರಟೇಬಿಟ್ಟರು.

ಹಲ್ಲಕ್ಕ ಕಟಕಟದ ಕಥೆಯನ್ನೆಲ್ಲ ಹೇಳಿದಳು. ಪೊಲೀಸಿನವನು ನಂಬಿದ ಹಾಗೂ ಕಾಣಲಿಲ್ಲ, ನಂಬದ ಹಾಗೂ ಕಾಣಲಿಲ್ಲ. ಸರ್ಕಲ್ಲಿನ ಎದುರಿಗೇ ಇದ್ದ ಗ್ಯಾರೇಜಿನ ಕಡೆ ಕೈ ತೋರಿಸಿದ. "ಅವನ ಹತ್ರ ತೋರಿಸೋಣ. ಶಬ್ದ ಇದೆ ಅಂತ ಅವನು ಹೇಳಿದ್ರೆ ನೀವು ಮನೆಗೆ. ಇಲ್ಲ ಅಂದ್ರೆ ಗಾಡಿ ಠಾಣೆಗೆ. ಶಬ್ದ ಇಲ್ಲದ ಗಾಡೀಲಿ ಮುದುಕರನ್ನ ಯಾಕೆ ತುಂಬಿದ್ರಿ ಅಂತ ಅಲ್ಲೇ ಹೇಳುವಿರಂತೆ."

ಗ್ಯಾರೇಜಿನ ಬೋರ್ಡಿನ ಮೇಲೆ "ಶಬ್ದ, ನಡುಕ, ಕುಲುಕಾಟ: ಮೂರಕ್ಕೂ ಇಲ್ಲೇ ಪರಿಹಾರ" ಎಂದು ಬರೆದಿತ್ತು. ಒಡೆಯ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ಓಡಾಡುತ್ತಿದ್ದ. ಪೇಟೆಯವರು ಅವನನ್ನು ಶಬ್ದದ ಡಾಕ್ಟರು ಎನ್ನುತ್ತಿದ್ದರು, ಅವನೂ ಹಾಗೇ ನಡೆದುಕೊಳ್ಳುತ್ತಿದ್ದ. ಬಂದವರನ್ನು ಕೂರಿಸಿ ಮೊದಲು ಭಾಷಣ ಕೊಡುವುದು ಅವನ ಪದ್ಧತಿ.

"ಅಕ್ಕಾ, ಶಬ್ದಕ್ಕೂ ನೆಂಟರಿಗೂ ಒಂದೇ ಗುಣ. ಹುಟ್ಟೋದು ಒಂದು ಕಡೆ, ಬಂದು ಕೂರೋದು ಇನ್ನೊಂದು ಕಡೆ. ಹಿಂದಿನ ಚಕ್ರದಲ್ಲಿ ಹುಟ್ಟಿದ್ದು ತಗಡು ಹಿಡಿದು ನಡ್ಕೊಂಡು ಬಂದು ನಿಮ್ಮ ಕಿವಿ ಹತ್ರ ಮಾತಾಡುತ್ತೆ. ಅದಕ್ಕೇ ಕೇಳಿಸಿದ ಜಾಗ ಬಿಚ್ಚಬಾರದು, ವಿಚಾರಣೆ ಮಾಡಬೇಕು. ಹೇಳಿ, ಗಾಡಿ ನಿಂತಿದ್ದು ಇಂಜಿನ್ ಮಾತ್ರ ಓಡ್ತಿರುವಾಗ ಬರುತ್ತಾ?"

"ಇಲ್ಲ."

"ಹಾಗಾದ್ರೆ ಇಂಜಿನ್ನು ಬಚಾವು. ಸ್ಟಿಯರಿಂಗ್ ನಡುಗುತ್ತಾ?"

"ಇಲ್ಲ."

"ಮುಂದಿನ ಚಕ್ರ ಬಚಾವು. ಕೂತ ಸೀಟು ನಡುಗುತ್ತಾ?"

"ಇಲ್ಲ."

"ಹಿಂದಿನ ಚಕ್ರ ಬಚಾವು. ಬ್ರೇಕು ಒತ್ತಿದ್ರೆ? ತಿರುವಲ್ಲಿ?"

"ಹಾಗೇನಿಲ್ಲ. ರಸ್ತೆ ಸ್ವಲ್ಪ ಒರಟಾಗಿದ್ರೆ ಸಾಕು."

ಶಬ್ದದ ಡಾಕ್ಟರು ಹುಬ್ಬು ಗಂಟು ಹಾಕಿದ. ಬಾನೆಟ್ಟು ಎತ್ತಿ ಸ್ಟೆತಸ್ಕೋಪು ಇಟ್ಟು ಕೇಳಿದ. ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿದ. ಆಮೇಲೆ ಹಲ್ಲಕ್ಕನ ಪಕ್ಕದಲ್ಲಿ ಕೂತು ಗ್ಯಾರೇಜಿನ ಹಿಂದಿನ ಕಲ್ಲುಹಾದಿಯಲ್ಲಿ ಓಡಿಸಲು ಹೇಳಿದ. ಶಬ್ದ ಇಲ್ಲ. ಜಾಗ ಬದಲಿಸಿ, ತಾನು ಓಡಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಇಲ್ಲ. ಗೇಟಿನಲ್ಲಿ ಚಹಾ ಕುಡಿಯುತ್ತಿದ್ದ ಪೊಲೀಸಿನವನು ದೂರದಿಂದಲೇ, "ಏನಾಯ್ತು?" ಎಂದು ಕೈಯಾಡಿಸಿದ.

ಶಬ್ದದ ಡಾಕ್ಟರು ಕಾರು ನಿಲ್ಲಿಸಿದ. ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದ. ದನಿಗೆ ಜೇನು ಸವರಿಕೊಂಡ. "ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೇಲಿ ಯಾರ್ಯಾರು ಇದ್ದೀರಿ?"

ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದು ಹಲ್ಲಕ್ಕನ ಬಾಯಿಂದ ಒಟ್ಟಿಗೇ ಹೊರಗೆ ಬಂತು. "ಒಬ್ಬಳೇ ಇದ್ದೀನಿ! ಸರಿನಾ? ಒಬ್ಬಳೇ ಅಡುಗೆ ಮಾಡ್ತೀನಿ, ಒಬ್ಬಳೇ ಉಣ್ತೀನಿ, ಒಬ್ಬಳೇ ರೇಡಿಯೋ ಕೇಳ್ತೀನಿ! ಆದ್ರೆ ಕಾರಿನ ಕಟಕಟ ಇರೋದು ಕಾರಲ್ಲೇ! ಬೇಕಾದ್ರೆ ನೀವೇ ಇಟ್ಕೊಳ್ಳಿ ಇದನ್ನ!" ಎಂದು ಇಳಿದು, ಬಾಗಿಲು ಧಡಾರೆಂದು ಹಾಕಿ, ಕಲ್ಲುಹಾದಿಯ ಪಕ್ಕದಲ್ಲಿದ್ದ ಹಳೆ ಟೈರಿನ ಮೇಲೆ ಕೂತುಬಿಟ್ಟಳು.

ಶಬ್ದದ ಡಾಕ್ಟರು ಏನು ಮಾಡಬೇಕೆಂದು ತೋಚದೆ ಕಾರನ್ನು ಗೇಟಿನ ಕಡೆ ತಿರುಗಿಸಿದ. ಕಾರು ಒಂದು ಕಲ್ಲು ಹತ್ತಿ ಇಳಿಯಿತು.

ಕಟ ಕಟ ಕಟ.

ಅವನು ಬ್ರೇಕು ಹಾಕಿದ. ಹಲ್ಲಕ್ಕ ಟೈರಿನಿಂದ ಎದ್ದು ನಿಂತಳು. ಕಿಟಕಿ ತೆರೆದಿದ್ದರಿಂದ ಹೊರಗಿದ್ದವಳಿಗೂ ಕೇಳಿಸಿತ್ತು. ಚಹಾದ ಲೋಟ ಹಿಡಿದ ಪೊಲೀಸಿನವನಿಗೂ ಕೇಳಿಸಿತ್ತು.

"ಅಕ್ಕಾ, ಹತ್ತಿ!"

ಹತ್ತಿದಳು. ಕಾರು ಓಡಿತು. ಶಬ್ದ ಇಲ್ಲ.

"ಇಳೀರಿ!"

ಇಳಿದಳು. ಕಟ ಕಟ.

"ಹತ್ತಿ! ಇಳೀರಿ! ಹಿಂದಿನ ಸೀಟಿಗೆ ಹತ್ತಿ! ಮುಂದೆ ಬನ್ನಿ! ಇಳೀರಿ!"

ಬಸ್ಸಿನ ಕಂಡಕ್ಟರನ ಹಾಗೆ ಹತ್ತಿ ಇಳಿದು ಹಲ್ಲಕ್ಕನಿಗೆ ಏದುಸಿರು ಬಂತು. ಆದರೆ ಅವಳ ಮುಖದಲ್ಲಿ ಅವಳೇ ಮಾಡಿದ್ದಲ್ಲದ ಒಂದು ಅಗಲವಾದ ನಗು ಇತ್ತು. ಪೊಲೀಸಿನವನು ಲೋಟ ಕೆಳಗಿಟ್ಟು, "ಶಬ್ದ ಇದೆ. ಇನ್ಮೇಲೆ ಮಾವಂದಿರನ್ನ ಸೀಟಲ್ಲಿ ಕೂರಿಸಿ" ಎಂದು ಹೇಳಿ ಹೋದ.

ಶಬ್ದದ ಡಾಕ್ಟರು ಪಕ್ಕದ ಸೀಟನ್ನು ಹಿಡಿದು ಅಲ್ಲಾಡಿಸಿ ತೋರಿಸಿದ. ಅದು ಬೀಳುವ ಹಲ್ಲಿನ ಹಾಗೆ ಇಷ್ಟೇ ಇಷ್ಟು ಮಿಸುಕಿತು. "ಸೀಟಿನ ಕೆಳಗಿರೋ ಕಂಬಿ ಸವೆದಿದೆ. ಖಾಲಿ ಇದ್ರೆ ಸೀಟು ಕುಣಿಯುತ್ತೆ. ಯಾರಾದ್ರೂ ಕೂತ್ರೆ ಆ ಭಾರಕ್ಕೆ ಬಾಯಿ ಮುಚ್ಕೊಳ್ಳುತ್ತೆ. ಅದಕ್ಕೇ ಯಾರಿಗೂ ತೋರಿಸೋಕಾಗಲಿಲ್ಲ ನಿಮಗೆ. ನೀವು ಒಬ್ಬರೇ ಇದ್ದಾಗ ಮಾತ್ರ ಬರೋ ಶಬ್ದ ಇದು."

ಹಲ್ಲಕ್ಕನ ನಗು ಅಲ್ಲೇ ನಿಂತಿತು. ಒಬ್ಬರೇ ಇರುವುದಕ್ಕೇ ಕೇಳಿಸುತ್ತೆ ಎಂದು ಟೈಲರಮ್ಮ ಹೇಳಿದ್ದಳು. ಮಾವ ಪಾಪ ಎಂದಿದ್ದರು. ಡಾಕ್ಟರು ಸ್ನೇಹಿತರ ಮನೆಗೆ ಹೋಗಿ ಎಂದಿದ್ದರು. ಈಗ ಇಷ್ಟೆಲ್ಲ ಹತ್ತಿ ಇಳಿದ ಮೇಲೆ ಇವನೂ ಅದನ್ನೇ ಹೇಳುತ್ತಿದ್ದಾನೆ, ಅದೂ ಸಾಕ್ಷಿ ಸಮೇತ.

"ಯಾವಾಗಿಂದ ಬರ್ತಿದೆ?"

"ಈ ಮಳೆಗಾಲದಿಂದ."

"ಸೀಟು ಲೂಸಾಗಿ ಬಹಳ ಕಾಲ ಆಗಿದೆ ಅಕ್ಕಾ. ಅದಕ್ಕೆ ಮುಂಚೆ ಇಲ್ಲಿ ಯಾರು ಕೂರ್ತಿದ್ರು?"

"ಅಮ್ಮ."

"ಹಾಂ! ಅವರೇ ಒತ್ತಿ ಹಿಡಿದಿದ್ರು. ಕರ್ಕೊಂಡು ಬನ್ನಿ ಅವರನ್ನ, ಶಬ್ದ ಹೋಗುತ್ತೆ."

"ಅವರು ಬರಲ್ಲ."

"ಯಾಕೆ? ಏನಾದ್ರೂ ಮುನಿಸಾ?"

ಹಲ್ಲಕ್ಕ ಸೀಟಿನ ಬೆನ್ನಿನ ಮೇಲೆ ಕೈಯಾಡಿಸಿದಳು. ಅಲ್ಲಿ ಬಟ್ಟೆ ಅಮ್ಮನ ತಲೆಯ ಎಣ್ಣೆಗೆ ಕಪ್ಪಾಗಿತ್ತು. "ಹೂಂ. ಹಾಗೇ ಅಂದ್ಕೊಳ್ಳಿ" ಎಂದಳು.

"ಹೆತ್ತವರ ಮುನಿಸು ಎಷ್ಟು ದಿನ ಬಿಡಿ" ಎಂದು ಶಬ್ದದ ಡಾಕ್ಟರು ಸಮಾಧಾನ ಮಾಡಿದ. ಕಂಬಿ ಬದಲಾಯಿಸೋಣವೆಂದರೆ ಆ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲ ಆಗಿತ್ತು, ಭಾಗ ಸಿಗುವುದಿಲ್ಲ. ಬೆಸುಗೆ ಹಾಕಿದರೆ ತೆಳ್ಳಗಿನ ತಗಡು ಕಿತ್ತು ಬರುತ್ತದೆ. ರಬ್ಬರು ತುರುಕಿದರೆ ನಾಲ್ಕು ದಿನಕ್ಕೆ ಉದುರುತ್ತದೆ. "ಸೀಟನ್ನೇ ತೆಗೆದುಬಿಡ್ಲಾ?"

"ಬೇಡ."

"ಒಂದು ಮರಳಿನ ಮೂಟೆ ಇಡಿ ಹಾಗಾದ್ರೆ."

"ಅಮ್ಮ ಕೂರ್ತಿದ್ದ ಜಾಗದಲ್ಲಿ ಮರಳಿನ ಮೂಟೆನಾ?"

"ಅದೂ ಬೇಡ ಅಂದ್ರೆ ಯಾರಾದ್ರೂ ಮನುಷ್ಯರನ್ನ ಕೂರಿಸ್ಕೊಳ್ಳಿ ಅಕ್ಕಾ. ಅದಕ್ಕಿಂತ ಒಳ್ಳೆ ಔಷಧಿ ಇಲ್ಲ."

ಮನೆಯ ದಾರಿಯುದ್ದಕ್ಕೂ ಸೀಟು ಕಟಕಟ ಎನ್ನುತ್ತಲೇ ಇತ್ತು. ಹಲ್ಲಕ್ಕನಿಗೆ ಈಗ ಸಿಟ್ಟು ಬರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬ ಗಾದೆಯನ್ನು ಅವಳು ಕ್ಲಿನಿಕ್ಕಿನಲ್ಲಿ ದಿನಕ್ಕೊಮ್ಮೆ ಕೇಳುತ್ತಿದ್ದಳು, ಅದು ತನಗೂ ಹೊಂದುತ್ತದೆಂದು ಅವಳಿಗೆ ಹೊಳೆದದ್ದು ಅಂದೇ. ಕಾರಿದೆ, ಸೀಟಿದೆ, ಕೂರುವವರಿಲ್ಲ. ಅಲ್ಲ, ಯಾಕಿಲ್ಲ? ಟೈಲರಮ್ಮನ ಅಂಗಡಿ ಕ್ಲಿನಿಕ್ಕಿನ ದಾರಿಯಲ್ಲೇ ಇತ್ತು. ಅವಳು ದಿನಾ ಬಸ್ಸಿನಲ್ಲಿ ಬಟ್ಟೆಗಂಟು ಹೊತ್ತು ನೇತಾಡಿಕೊಂಡು ಹೋಗುತ್ತಿದ್ದಳು. ಇಷ್ಟು ದಿನ ಕರೆಯಬೇಕೆಂದು ಇವಳಿಗೂ ತೋಚಿರಲಿಲ್ಲ, ಕೇಳಬೇಕೆಂದು ಅವಳಿಗೂ ತೋಚಿರಲಿಲ್ಲ. "ಬನ್ನಿ ಟೈಲರಮ್ಮ, ಮುಂದೆ ಕೂತ್ಕೊಳ್ಳಿ" ಎಂದು ಹಲ್ಲಕ್ಕ ಗಟ್ಟಿಯಾಗಿ ಹೇಳಿ ನೋಡಿಕೊಂಡಳು. ಚೆನ್ನಾಗಿ ಕೇಳಿಸಿತು. ಇನ್ನೊಂದು ಸಲ ಹೇಳಿಕೊಂಡಳು.

ಗೇಟಿನಲ್ಲಿ ಕಟ್ಟಡಕ್ಕೆ ಕಟ್ಟಡವೇ ಸೇರಿತ್ತು. ಡಿಪೋ ಮಾವ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕುರ್ಚಿ ಹಾಕಿಕೊಂಡು ಕೂತಿದ್ದರು. ಟೈಲರಮ್ಮ ಅವರ ಹಿಂದೆ ನಿಂತಿದ್ದಳು. ಎಲ್ಲರ ಮುಖದಲ್ಲೂ ಒಂದೊಂದು "ಪಾಪ" ತಯಾರಾಗಿತ್ತು.

"ಏನಂದ್ರು ಗ್ಯಾರೇಜಿನವರು?" ಎಂದು ಟೈಲರಮ್ಮ ಮಗುವಿನ ಹತ್ತಿರ ಮಾತಾಡುವ ಹಾಗೆ ಕೇಳಿದಳು.

ಹಲ್ಲಕ್ಕ ಬಾಯಿ ತೆರೆದಳು. ಒಬ್ಬಳೇ ಇರುವಾಗ ಮಾತ್ರ ಬರುವ ಶಬ್ದ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಆ ಪಾಪಗಳೆಲ್ಲ ಒಟ್ಟಿಗೇ ಹಾರಿ ಬಂದು ತನ್ನ ತಲೆಯ ಮೇಲೆ ಕೂರುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ನುಂಗಿಕೊಂಡಳು.

"ಪಕ್ಕದ ಸೀಟು ಲೂಸಾಗಿದೆಯಂತೆ" ಎಂದಳು. "ಪೊಲೀಸಿನವರೂ ಶಬ್ದ ಕೇಳಿದ್ರು."

ಟೈಲರಮ್ಮ ಮುಂದೆ ಬಂದು ಹಲ್ಲಕ್ಕನ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ, ನಿಜವಾಗ್ಲೂ ಇತ್ತಾ! ಸುಮ್ನೆ ನಿಮ್ಮನ್ನ ಏನೇನೋ ಅಂದುಬಿಟ್ವಲ್ಲ."

"ನಾನು ಬೆಳಿಗ್ಗೆನೇ ಹೇಳಿದ್ದೆ, ಸೀಟು ಅಂತ" ಎಂದರು ಡಿಪೋ ಮಾವ.

ಯಾರಾದರೂ ಅವಳ ಕೈ ಹಿಡಿದು ಬಹಳ ದಿನವಾಗಿತ್ತು. ಹಲ್ಲಕ್ಕ ದಾರಿಯಲ್ಲಿ ಕಲಿತು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದಳು: "ಟೈಲರಮ್ಮ, ನಾಳೆಯಿಂದ ನನ್ನ ಜೊತೆ ಬನ್ನಿ. ನಿಮ್ಮ ಅಂಗಡಿ ನನ್ನ ದಾರೀಲೇ ಇದೆ. ಆ ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ?"

"ಬರ್ತೀನಿ! ಇಷ್ಟು ದಿನ ಕರೀಲೇ ಇಲ್ಲ ನೀವು!"

"ಪಾರ್ಕಿನ ತನಕ ನಾನೂ ಬರ್ತೀನಿ. ನನ್ನ ಸೊಂಟ ಮುರಿದವಳು ನೀನು, ಅಷ್ಟೂ ಮಾಡದಿದ್ರೆ ಹೇಗೆ?" ಎಂದರು ಮಾವ. ಎಲ್ಲರೂ ನಕ್ಕರು. ಹಲ್ಲಕ್ಕನೂ ನಕ್ಕಳು.

ಮರುದಿನ ಬೆಳಿಗ್ಗೆ ಅವಳು ಬೇಗ ಎದ್ದು, ಒದ್ದೆ ಬಟ್ಟೆಯಿಂದ ಪಕ್ಕದ ಸೀಟನ್ನು ಒರೆಸಿದಳು. ಟೈಲರಮ್ಮ ಬಟ್ಟೆಗಂಟು ಹಿಡಿದು ಇಳಿದು ಬಂದಾಗ, ಹಲ್ಲಕ್ಕ ಮುಂದಿನ ಬಾಗಿಲು ತೆರೆದು ಹಿಡಿದು ನಿಂತಿದ್ದಳು.

"ಬನ್ನಿ ಟೈಲರಮ್ಮ, ಮುಂದೆ ಕೂತ್ಕೊಳ್ಳಿ."

ಟೈಲರಮ್ಮ ಒಂದು ಹೆಜ್ಜೆ ಹಿಂದಿಟ್ಟಳು. "ಅಯ್ಯಯ್ಯೋ, ಆ ಲೂಸ್ ಸೀಟಲ್ಲಾ? ಬೇಡಪ್ಪ. ನೀವು ಬ್ರೇಕು ಹಾಕಿದ್ರೆ ಸೀಟು ಸಮೇತ ಗಾಜಿನ ಆಚೆ ಹೋಗ್ತೀನಿ."

"ಏನೂ ಆಗಲ್ಲ. ಕೂತ್ರೆ ಸರಿಹೋಗುತ್ತೆ ಅದು."

"ನೀವೇ ಅಲ್ವಾ ಲೂಸು ಅಂದಿದ್ದು?"

ಹಲ್ಲಕ್ಕ ಬಾಯಿ ತೆರೆದಳು. ಹೇಳಬೇಕಾದ ಮಾತು ನಿನ್ನೆಯದೇ ಆಗಿತ್ತು. ಮುಚ್ಚಿಕೊಂಡಳು. ಅಷ್ಟರಲ್ಲಿ ಟೈಲರಮ್ಮ ಹಿಂದಿನ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು. ಡಿಪೋ ಮಾವನನ್ನು ಹಲ್ಲಕ್ಕ ನೋಡಿದಳು. ಮಾವ ಮುಂದಿನ ಸೀಟನ್ನು ಒಂದು ಸಲ ಅಲ್ಲಾಡಿಸಿ ನೋಡಿ, "ಡಿಕ್ಕಿಯಾದ್ರೂ ವಾಸಿ" ಎಂದು ಹಿಂದೆ ಹತ್ತಿದರು.

ಕಾರು ಗೇಟು ದಾಟಿತು. ಮೊದಲ ಉಬ್ಬಿಗೇ ಶುರುವಾಯಿತು.

"ಅಬ್ಬಾ, ಇಷ್ಟು ಜೋರಾ!" ಎಂದಳು ಟೈಲರಮ್ಮ. "ಹೇಗೆ ತಡ್ಕೊಂಡಿದ್ರಿ ಹಲ್ಲಕ್ಕಾ?"

ಆಮೇಲೆ ಅವರಿಬ್ಬರೂ ಹಿಂದೆ ಮಾತಿಗೆ ಬಿದ್ದರು. ನೀರಿನ ಟ್ಯಾಂಕು ಸೋರುವುದು, ಮಾವನ ಸೊಂಟ, ಟೈಲರಮ್ಮನ ಅತ್ತೆ. ಕನ್ನಡಿಯಲ್ಲಿ ಎರಡು ತಲೆಗಳು ಹತ್ತಿರ ಬಂದು ನಗುವುದು ಹಲ್ಲಕ್ಕನಿಗೆ ಕಾಣುತ್ತಿತ್ತು. ಅವಳೂ ಒಂದು ಮಾತು ಸೇರಿಸಿದಳು. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.

"ಏನಂದ್ರಿ?" ಎಂದು ಟೈಲರಮ್ಮ ಕಿವಿಗೆ ಕೈ ಹಿಡಿದಳು. "ಈ ಕಟಕಟದಲ್ಲಿ ಮುಂದಿನದ್ದು ಏನೂ ಕೇಳಿಸ್ತಿಲ್ಲ!"

ಡಿಪೋ ಮಾವ ಎರಡು ಸೀಟುಗಳ ನಡುವೆ ತಲೆ ತೂರಿಸಿ, ಅವಳ ಕಿವಿಯ ಹತ್ತಿರ ಬಂದು ಕೂಗಿದರು. "ನೋಡಮ್ಮ, ಡಿಪೋದಲ್ಲಿ ತಲೆ ನರೆಸಿಕೊಂಡವನ ಮಾತು ಕೇಳು. ಆ ಸೀಟನ್ನೇ ಕಿತ್ತು ಹಾಕಿಸು. ಹೇಗೂ ಅಲ್ಲಿ ಯಾರೂ ಕೂರಲ್ವಲ್ಲ!"